ಮೆಟಲ್ ಡಿಟೆಕ್ಟರ್‌ಗೆ ಯಾವ ಸೆಲ್ಲು ಲಾಭ? ಒಂದು ಹಿಸಾಬು

ನೀಟ್ ಬರೆದ ನಮ್ಮ ವಿಜ್ಞಾನ ವಿಭಾಗದ ಅಕ್ಕ, ಅಣ್ಣಂದಿರನ್ನು ಕೇಳಿ ನೋಡಿ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್‌ನಿಂದ ತಪಾಸಣೆ ಮಾಡಿದ ಮೇಲೆಯೇ ಒಳಗೆ ಬಿಡುತ್ತಾರೆ. ಇದು ಸುಮ್ಮನೆ ಮಾಡುವ ಶಾಸ್ತ್ರವಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಕೆಲವರು ಬ್ಲೂಟೂತ್ ಸಾಧನದೊಂದಿಗೆ ಸಿಕ್ಕಿಬಿದ್ದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಒಬ್ಬನು ಹೀಗೆ ಮೋಸದಿಂದ ಪಾಸಾದರೆ ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ ಇನ್ನೊಬ್ಬರ ಸೀಟು ಅಥವಾ ನೌಕರಿ ಹೋಗುತ್ತದೆ. ಪ್ರಾಮಾಣಿಕವಾಗಿ ಓದುವವರಿಗೆ ಆ ಬಾಗಿಲ ತಪಾಸಣೆಯೇ ಒಂದು ರಕ್ಷಣೆ.

ಆ ಡಿಟೆಕ್ಟರ್ ನಡೆಯುವುದು ಅದರ ಹಿಡಿಕೆಯೊಳಗಿರುವ ಒಂದು ಸಣ್ಣ ಬ್ಯಾಟರಿಯಿಂದ. ಅದು ಬಳಸಿ ಬಿಸಾಡುವಂಥದ್ದಾಗಿರಬೇಕೋ, ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವಂಥದ್ದಾಗಿರಬೇಕೋ? ನಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಲೆಕ್ಕ. ತರಗತಿಯಲ್ಲಿ ಓದಿದ ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಬ್ರೇಕ್ ಈವನ್ ಪಾಯಿಂಟ್ ಎಲ್ಲವೂ ಇದರಲ್ಲಿ ಬರುತ್ತವೆ. ಆದರೆ ಹಣದ ಲೆಕ್ಕ ಮುಗಿದ ಮೇಲೂ ಒಂದು ಮಾತು ಉಳಿಯುತ್ತದೆ. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಒಂದು ಸ್ಪಷ್ಟನೆ. ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚ್, ಅದರೊಳಗೆ ಹಾಕುವುದು ಸೆಲ್ಲು. ಈ ಲೇಖನದಲ್ಲಿ ಒಂದೊಂದು ಬಿಡಿ ತುಂಡಿಗೆ ಸೆಲ್ಲು ಎಂದೂ, ಹಲವು ಸೆಲ್ಲುಗಳನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿದ 9 ವೋಲ್ಟಿನ ಚೌಕ ತುಂಡಿಗೆ ಬ್ಯಾಟರಿ ಎಂದೂ ಹೇಳಿದ್ದೇನೆ.

ಡಿಟೆಕ್ಟರ್ ಕೆಲಸ ಮಾಡುವ ಬಗೆ

ಡಿಟೆಕ್ಟರ್‌ನೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ಶಕ್ತಿಯಿಂದ ಅದರಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಹತ್ತಿರ ಲೋಹ ಬಂದರೆ ಆ ಲೋಹದೊಳಗೂ ಸಣ್ಣ ಸಣ್ಣ ಸುಳಿಪ್ರವಾಹಗಳು ಹುಟ್ಟಿ ತಮ್ಮದೇ ಕಾಂತಕ್ಷೇತ್ರ ಬೀರುತ್ತವೆ. ಇದರಿಂದಾದ ಬದಲಾವಣೆಯನ್ನು ಗುರುತಿಸಿ ಯಂತ್ರ ಕೂಗುತ್ತದೆ.

ಇದು ಹಳೆಯ ವಿದ್ಯೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗೆ ಉಳಿದ ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಯಂತ್ರ ತಯಾರಿಸಿ ತಂದರು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದವು. ವೈದ್ಯರು ಗುಂಡು ಬಲಗಡೆ ಇದೆ ಎಂದು ನಂಬಿ ಆ ಕಡೆಯೇ ಹುಡುಕಿಸಿದರು, ಅದು ಇದ್ದದ್ದು ಎಡಗಡೆ. ಗುಂಡು ಸಿಗಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಯಂತ್ರ ಏನೂ ಹೇಳದಿದ್ದರೆ ಅಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ ಎಂಬ ಪಾಠ ಅಂದಿನಿಂದಲೇ ಇದೆ.

ಇಂದು ಡಿಟೆಕ್ಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬಾಗಿಲ ಚೌಕಟ್ಟಿನಂತೆ ನಿಲ್ಲಿಸುವುದು ಕರೆಂಟಿನಿಂದ ನಡೆಯುತ್ತದೆ. ನೆಲದೊಳಗಿನ ಲೋಹ ಹುಡುಕುವುದಕ್ಕೆ ಉದ್ದನೆಯ ಕೋಲಿರುತ್ತದೆ, ಅದಕ್ಕೆ ಪೆನ್ಸಿಲ್ ಸೆಲ್ಲುಗಳು ಇಲ್ಲವೇ ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಬೇಕು. ಈ ಎರಡನೆಯ ಬಗೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹೂಲಿ ಪಂಚಲಿಂಗೇಶ್ವರ ಗುಡಿಯಂಥ ಹಳೆಯ ಗುಡಿಗಳಿರುವ ಊರು. ಇಂಥ ಊರುಗಳಲ್ಲಿ ನಿಧಿಯ ಆಸೆಗೆ ನೆಲ ಅಗೆಯುವುದು ಅಪರಾಧಕ್ಕೆ ದಾರಿ. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು 1878ರಲ್ಲೇ ಬಂದಿದೆ, ಕರ್ನಾಟಕದ್ದೇ ನಿಧಿ ಕಾಯ್ದೆ 1962ರದು. ಮೂರನೆಯದು ಕೈಯಲ್ಲಿ ಹಿಡಿಯುವ ಡಿಟೆಕ್ಟರ್. ಅದಕ್ಕೆ ಹೆಚ್ಚಾಗಿ 9 ವೋಲ್ಟಿನ ಚೌಕ ಬ್ಯಾಟರಿ ಹಾಕುತ್ತಾರೆ. ನಮ್ಮ ಲೆಕ್ಕ ಇದರದ್ದು.

ಅಂಗಡಿಯಲ್ಲಿ ಸಿಗುವ ಬಗೆಗಳು

ಒಂದು, ಸಾದಾ ಸತು-ಕಾರ್ಬನ್ ಬ್ಯಾಟರಿ. ಎಲ್ಲಕ್ಕಿಂತ ಅಗ್ಗ. ಗೋಡೆ ಗಡಿಯಾರ, ರಿಮೋಟಿಗೆ ಹಾಕುವ ಸೆಲ್ಲು ಇದೇ ಜಾತಿಯದು. ಇಂಥ ಪೆನ್ಸಿಲ್ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಸ್ವಲ್ಪ ಸ್ವಲ್ಪವಾಗಿ ಕರಗಿ ಶಕ್ತಿ ಕೊಡುತ್ತದೆ. ಆದ್ದರಿಂದ ಹಳೆಯದಾದಾಗ ತೂತು ಬಿದ್ದು ಒಳಗಿನ ದ್ರವ ಸೋರುತ್ತದೆ. ಹಳೆಯ ರಿಮೋಟಿನಲ್ಲಿ ಸ್ಪ್ರಿಂಗು ತುಕ್ಕು ಹಿಡಿದಿರುವುದನ್ನು ಎಲ್ಲರೂ ನೋಡಿರುತ್ತೀರಿ.

ಎರಡು, ಆಲ್ಕಲೈನ್ ಬ್ಯಾಟರಿ. ಇದೂ ಬಳಸಿ ಬಿಸಾಡುವಂಥದ್ದೇ, ಆದರೆ ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಬಳಸದೆ ಇಟ್ಟರೆ ಐದು ವರ್ಷವಾದರೂ ಶಕ್ತಿ ಹೆಚ್ಚು ಕುಗ್ಗುವುದಿಲ್ಲ.

ಮೂರು, ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಬ್ಯಾಟರಿ. ಸರಿಯಾಗಿ ನೋಡಿಕೊಂಡರೆ ನೂರಾರು ಸಲ ಚಾರ್ಜ್ ಮಾಡಬಹುದು. ಇದರ ಮುಖ್ಯ ದೋಷ, ಸುಮ್ಮನೆ ಇಟ್ಟರೂ ಶಕ್ತಿ ಸೋರಿ ಹೋಗುವುದು. ಸಾದಾ ಬಗೆಯದು ಒಂದು ತಿಂಗಳಲ್ಲೇ ಐದರಲ್ಲಿ ಒಂದು ಪಾಲು ಅಥವಾ ಇನ್ನೂ ಹೆಚ್ಚು ಕಳೆದುಕೊಳ್ಳಬಹುದು. ಬೇಸಿಗೆಯಲ್ಲಿ ಇದು ಇನ್ನೂ ಬೇಗ. 2005ರ ನಂತರ ಮಾರುಕಟ್ಟೆಗೆ ಬಂದ ಹೊಸ ಬಗೆಯ ಸೆಲ್ಲುಗಳಲ್ಲಿ ಈ ಸೋರಿಕೆ ಬಹಳ ಕಡಿಮೆ.

ನಾಲ್ಕು, ಲಿಥಿಯಂ ಅಯಾನ್. ನಮ್ಮ ಮೊಬೈಲಿನಲ್ಲಿರುವ ಜಾತಿ. ಈಗ 9 ವೋಲ್ಟಿನ ಆಕಾರದಲ್ಲೂ ಬರುತ್ತಿದೆ.

ಇಲ್ಲಿ ವೋಲ್ಟೇಜಿನ ವಿಷಯ ತಿಳಿದಿರಬೇಕು. ಬಿಸಾಡುವ ಸೆಲ್ಲು ಒಂದಕ್ಕೆ 1.5 ವೋಲ್ಟ್. ಅಂಥ ಆರು ಸೆಲ್ಲು ಕೂಡಿಸಿದರೆ 9 ವೋಲ್ಟ್. ನಿಕಲ್ ಸೆಲ್ಲು ಒಂದಕ್ಕೆ 1.2 ವೋಲ್ಟ್ ಮಾತ್ರ. ಆರು ಕೂಡಿಸಿದರೆ 7.2, ಏಳು ಕೂಡಿಸಿದರೆ 8.4. ಅಂದರೆ ಡಬ್ಬಿಯ ಮೇಲೆ 9 ವೋಲ್ಟ್ ಮಾದರಿ ಎಂದು ಬರೆದಿದ್ದರೂ ಒಳಗೆ ಪೂರ್ತಿ 9 ಇರುವುದಿಲ್ಲ. 7.2ರದ್ದನ್ನು ಹಾಕಿದರೆ ಕೆಲವು ಡಿಟೆಕ್ಟರ್‌ಗಳಲ್ಲಿ ಬ್ಯಾಟರಿ ಮುಗಿಯಿತೆಂಬ ದೀಪ ಬೇಗನೆ ಹತ್ತಿಬಿಡಬಹುದು. ಕೊಳ್ಳುವಾಗ 8.4ರದ್ದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ಡಿಟೆಕ್ಟರ್ ಜೊತೆ ಬಂದ ಪುಸ್ತಕದಲ್ಲಿ ಯಾವುದು ನಡೆಯುತ್ತದೆ ಎಂದು ಬರೆದಿರುತ್ತದೆ, ಅದನ್ನು ಓದಬೇಕು.

ಈಗ ಹಿಸಾಬು

ನಮ್ಮ ಮನೆಯಲ್ಲಿ ಉರ್ದುವಿನ ಒಂದು ಗಾದೆ ಆಗಾಗ ಕೇಳಿಬರುತ್ತದೆ: ಮೆಹಂಗಾ ರೋಯೆ ಏಕ್ ಬಾರ್, ಸಸ್ತಾ ರೋಯೆ ಬಾರ್ ಬಾರ್. ದುಬಾರಿ ಕೊಂಡವನು ಒಂದೇ ಸಲ ಅಳುತ್ತಾನೆ, ಅಗ್ಗದ್ದು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂದು ಅರ್ಥ. ಅಂಗಡಿಗೆ ಹೋದಾಗಲೆಲ್ಲ ಅಮ್ಮಿ ಇದನ್ನು ಹೇಳುತ್ತಾರೆ. ಇದು ಎಲ್ಲ ಕಡೆಗೂ ನಿಜವೇ? ಲೆಕ್ಕ ಹಾಕಿಯೇ ನೋಡೋಣ.

ಬೆಲೆ ಅಂಗಡಿಯಿಂದ ಅಂಗಡಿಗೆ, ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕಕ್ಕೆ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಹಿಡಿದಿದ್ದೇನೆ. ನಿಮ್ಮ ಊರಿನ ಬೆಲೆ ಹಾಕಿ ಇದೇ ಲೆಕ್ಕವನ್ನು ನೀವೂ ಮಾಡಬಹುದು.

ಡಿಟೆಕ್ಟರ್ ಗಂಟೆಗೆ 20 ಮಿಲಿ ಆಂಪಿಯರ್ ಅವರ್ ಖರ್ಚು ಮಾಡುತ್ತದೆ ಎಂದು ಹಿಡಿಯೋಣ. ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಇರುತ್ತದೆ. 500ನ್ನು 20ರಿಂದ ಭಾಗಿಸಿದರೆ 25 ಗಂಟೆ. ಬೆಲೆ 150 ರೂಪಾಯಿ ಎಂದು ಹಿಡಿದರೆ ಗಂಟೆಗೆ 6 ರೂಪಾಯಿ ಬಿತ್ತು.

ಸಾದಾ ಸತು-ಕಾರ್ಬನ್‌ನಲ್ಲಿ 300 ಎಂದು ಹಿಡಿದರೆ 15 ಗಂಟೆ. ಬೆಲೆ 40 ರೂಪಾಯಿಯಾದರೆ ಗಂಟೆಗೆ 2 ರೂಪಾಯಿ 67 ಪೈಸೆ.

ರೀಚಾರ್ಜ್ ಬ್ಯಾಟರಿಯಲ್ಲಿ ಸುಮಾರು 200. ಒಂದು ಚಾರ್ಜಿಗೆ 10 ಗಂಟೆ ಮಾತ್ರ. ಒಂದು ಡಿಟೆಕ್ಟರ್‌ನಲ್ಲಿರುವಾಗ ಇನ್ನೊಂದು ಚಾರ್ಜಿಗೆ ಬೇಕು, ಆದ್ದರಿಂದ ಎರಡು ಕೊಳ್ಳಬೇಕು. ಒಂದಕ್ಕೆ 400ರಂತೆ 800, ಚಾರ್ಜರ್ 600, ಒಟ್ಟು 1,400 ರೂಪಾಯಿ. ಇದು ನಮ್ಮ ಸ್ಥಿರ ವೆಚ್ಚ. ಇನ್ನು ಕರೆಂಟು. ಇಷ್ಟು ಸಣ್ಣ ಬ್ಯಾಟರಿಯನ್ನು ಒಮ್ಮೆ ಚಾರ್ಜ್ ಮಾಡಲು, ಚಾರ್ಜರಿನಲ್ಲಿ ವ್ಯರ್ಥವಾಗುವುದನ್ನು ಸೇರಿಸಿದರೂ, ಒಂದು ಯೂನಿಟಿನ ನೂರರಲ್ಲಿ ಒಂದು ಪಾಲು ಸಾಕು. ಯೂನಿಟಿಗೆ 7 ರೂಪಾಯಿ ಎಂದರೂ 7 ಪೈಸೆ. ಅದು 10 ಗಂಟೆಗೆ. ಬದಲಾಗುವ ವೆಚ್ಚ ಇಲ್ಲವೆಂದೇ ಹೇಳಬಹುದು.

ಹಾಗಾದರೆ ಬ್ರೇಕ್ ಈವನ್ ಪಾಯಿಂಟ್ ಎಲ್ಲಿ? 1,400ನ್ನು 6ರಿಂದ ಭಾಗಿಸಿ. ಸುಮಾರು 233 ಗಂಟೆ. ಆಲ್ಕಲೈನ್ ಬಳಸುವವರು 233 ಗಂಟೆ ದಾಟಿದ ಮೇಲೆ ರೀಚಾರ್ಜ್ ಬ್ಯಾಟರಿ ಅವರಿಗಿಂತ ಅಗ್ಗ. ಸತು-ಕಾರ್ಬನ್‌ಗೆ ಹೋಲಿಸಿದರೆ 1,400 ಭಾಗ 2.67, ಅಂದರೆ ಸುಮಾರು 525 ಗಂಟೆ ಬೇಕು.

ಈಗ ಮೂರು ಸಂದರ್ಭ ನೋಡೋಣ.

ಮೊದಲನೆಯದು, ದಿನವೂ ಬಳಸುವ ಕಚೇರಿ ಅಥವಾ ಕೋರ್ಟಿನ ಗೇಟು. ದಿನಕ್ಕೆ 2 ಗಂಟೆ, ವರ್ಷಕ್ಕೆ 250 ದಿನ ಎಂದರೆ 500 ಗಂಟೆ. ಆಲ್ಕಲೈನ್ ಆದರೆ ವರ್ಷಕ್ಕೆ 20 ಬ್ಯಾಟರಿ, 3,000 ರೂಪಾಯಿ. ಮೂರು ವರ್ಷಕ್ಕೆ 60 ಬ್ಯಾಟರಿ, 9,000 ರೂಪಾಯಿ. ರೀಚಾರ್ಜ್ ಆದರೆ ಮೂರು ವರ್ಷಕ್ಕೂ ಅದೇ 1,400, ಮೇಲೆ ಕರೆಂಟಿಗೆ ಹತ್ತು, ಹನ್ನೊಂದು ರೂಪಾಯಿ. ಸತು-ಕಾರ್ಬನ್‌ಗೆ ಹೋಲಿಸಿದರೂ ಒಂದು ವರ್ಷ ದಾಟುತ್ತಿದ್ದಂತೆ ಉಳಿತಾಯ ಶುರು. ಇಲ್ಲಿ ಗಾದೆ ಗೆದ್ದಿತು.

ಎರಡನೆಯದು, ಪರೀಕ್ಷೆಗೆ ಮಾತ್ರ ಹೊರಗೆ ತೆಗೆಯುವ ಡಿಟೆಕ್ಟರ್. ವರ್ಷಕ್ಕೆ 5 ದಿನ, ದಿನಕ್ಕೆ 3 ಗಂಟೆ, ಒಟ್ಟು 15 ಗಂಟೆ. ಆಲ್ಕಲೈನ್‌ಗೆ ಹೋಲಿಸಿದರೂ 233 ಗಂಟೆ ಆಗಬೇಕಾದರೆ ಹದಿನೈದು ವರ್ಷ ಬೇಕು. ಬಳಸಿದರೂ ಬಳಸದಿದ್ದರೂ ರೀಚಾರ್ಜ್ ಬ್ಯಾಟರಿಗೆ ವಯಸ್ಸಾಗುತ್ತದೆ, ಅಷ್ಟು ವರ್ಷ ಅದು ಬಾಳುವುದಿಲ್ಲ. ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ ಸವಕಳಿಯೇ ಅದನ್ನು ತಿಂದುಹಾಕುತ್ತದೆ. ಇಲ್ಲಿ ದುಬಾರಿ ಕೊಂಡವನೇ ಅಳುತ್ತಾನೆ. ಗಾದೆ ಸೋತಿತು.

ಮೂರನೆಯದು, ಜಾತ್ರೆ. ನಮ್ಮ ಪಕ್ಕದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಬರುವ ಜನರ ಸಂಖ್ಯೆ ಎಲ್ಲರಿಗೂ ಗೊತ್ತು. ಅಂಥ ದೊಡ್ಡ ಸೇರುವಿಕೆಯಲ್ಲಿ ದಿನಕ್ಕೆ 12 ಗಂಟೆಯಂತೆ 5 ದಿನ ಡಿಟೆಕ್ಟರ್ ನಡೆಸಿದರೆ 60 ಗಂಟೆ. ಬ್ರೇಕ್ ಈವನ್‌ಗೆ ಸುಮಾರು ನಾಲ್ಕು ವರ್ಷ. ಹಣದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಸಮ ಸಮ. ಆದರೆ ನಡುರಾತ್ರಿ ಬ್ಯಾಟರಿ ಮುಗಿದರೆ ಹೊಸದನ್ನು ಒಂದೇ ನಿಮಿಷದಲ್ಲಿ ಹಾಕಬಹುದು, ರೀಚಾರ್ಜ್‌ನದು ತುಂಬಲು ಸಾದಾ ಚಾರ್ಜರಿನಲ್ಲಿ ಇಡೀ ರಾತ್ರಿ ಬೇಕು. ಅದೂ ಕರೆಂಟ್ ಇದ್ದರೆ. ಆದ್ದರಿಂದ ಇಲ್ಲಿ ರೀಚಾರ್ಜ್ ಬಳಸಿದರೂ ಜೊತೆಗೆ ಹೊಸ ಆಲ್ಕಲೈನ್ ಕಿಸೆಯಲ್ಲಿರಲೇಬೇಕು.

ಹೊಸ ಡಿಟೆಕ್ಟರ್ ಕೊಳ್ಳುವವರಿಗೆ ಇನ್ನೊಂದು ಮಾತು. ಸಾಧ್ಯವಿದ್ದರೆ ಪೆನ್ಸಿಲ್ ಸೆಲ್ಲಿನಿಂದ ನಡೆಯುವುದನ್ನು ನೋಡಿ. 9 ವೋಲ್ಟಿನ ಡಬ್ಬಿಯಲ್ಲಿ ಆರೇಳು ಸಣ್ಣ ಸೆಲ್ಲು ತುರುಕಿರುವುದರಿಂದ ಶಕ್ತಿ ಹಿಡಿಯಲು ಜಾಗವೇ ಕಡಿಮೆ. ಪೆನ್ಸಿಲ್ ಸೆಲ್ಲಿನಲ್ಲಿ ಹಾಗಲ್ಲ. ಒಳ್ಳೆಯ ರೀಚಾರ್ಜ್ ಪೆನ್ಸಿಲ್ ಸೆಲ್ಲಿನಲ್ಲಿ 2,000 ಮಿಲಿ ಆಂಪಿಯರ್ ಅವರ್ ಇರುತ್ತದೆ, ಆಲ್ಕಲೈನ್‌ಗೆ ಹೆಚ್ಚು ಕಡಿಮೆ ಸಮ. ಅದರ ಬೆಲೆ ಐದು ಪಟ್ಟು ಎಂದರೂ, ಚಾರ್ಜರ್ ಬಿಟ್ಟರೆ, ಐದಾರು ಸಲ ಚಾರ್ಜ್ ಮಾಡುವಷ್ಟರಲ್ಲಿ ಹಣ ವಾಪಸ್ಸು.

ಹಣಕ್ಕಿಂತ ದೊಡ್ಡ ಲೆಕ್ಕ

ಗೋಡೆ ಗಡಿಯಾರದ ಸೆಲ್ಲು ಮುಗಿದರೆ ಮುಳ್ಳು ನಿಲ್ಲುತ್ತದೆ, ನಮಗೆ ತಿಳಿಯುತ್ತದೆ. ಟಾರ್ಚ್ ಸೆಲ್ಲು ಮುಗಿದರೆ ಕತ್ತಲಾಗುತ್ತದೆ, ತಿಳಿಯುತ್ತದೆ. ಡಿಟೆಕ್ಟರ್ ಮಾತ್ರ ಬೇರೆ. ಲೋಹ ಇಲ್ಲದಿದ್ದಾಗಲೂ ಅದು ಸುಮ್ಮನಿರುತ್ತದೆ, ಬ್ಯಾಟರಿ ಸತ್ತಾಗಲೂ ಸುಮ್ಮನಿರುತ್ತದೆ. ಗಡಿಬಿಡಿಯಲ್ಲಿ ಸಾಲು ಬಿಡುತ್ತಿರುವವರಿಗೆ ಎರಡೂ ಮೌನ ಒಂದೇ. ಎಲ್ಲರೂ ಪಾಸು.

ಈ ವಿಷಯದಲ್ಲಿ ಎರಡು ಬಗೆಯ ಬ್ಯಾಟರಿಗಳ ನಡತೆಯೂ ಬೇರೆ. ಆಲ್ಕಲೈನ್ ಬ್ಯಾಟರಿಯ ವೋಲ್ಟೇಜು ನಿಧಾನವಾಗಿ ಇಳಿಯುತ್ತದೆ. ಎಚ್ಚರಿಕೆಯ ದೀಪ ಹತ್ತಿದ ಮೇಲೂ ಬದಲಿಸಲು ಸಾಕಷ್ಟು ಸಮಯ ಕೊಡುತ್ತದೆ. ನಿಕಲ್ ಬ್ಯಾಟರಿ ಬಹಳ ಹೊತ್ತು ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ಥಟ್ಟನೆ ಬೀಳುತ್ತದೆ. 9 ವೋಲ್ಟಿನ ಕೆಲವು ಲಿಥಿಯಂ ಬ್ಯಾಟರಿಗಳ ಒಳಗೆ ವೋಲ್ಟೇಜನ್ನು ಒಂದೇ ಸಮ ಇಡುವ ಸರ್ಕಿಟ್ ಇರುತ್ತದೆ. ಅವು ಕೊನೆಯ ಗಳಿಗೆಯವರೆಗೂ ತುಂಬಿದಂತೆಯೇ ಕಂಡು ಒಮ್ಮೆಲೇ ನಿಲ್ಲುತ್ತವೆ, ದೀಪಕ್ಕೆ ಎಚ್ಚರಿಸಲು ಅವಕಾಶವೇ ಇರುವುದಿಲ್ಲ.

ಮಾಡಬೇಕಾದದ್ದು ಸರಳ. ಡಿಟೆಕ್ಟರ್ ಶುರು ಮಾಡಿದ ಕೂಡಲೇ, ಆಮೇಲೆ ಗಂಟೆಗೊಮ್ಮೆ, ಒಂದು ಬೀಗದ ಕೈಯನ್ನೋ ನಾಣ್ಯವನ್ನೋ ಅದರ ಮುಂದೆ ಹಿಡಿದು ನೋಡಬೇಕು. ಕೂಗಿದರೆ ಸರಿ. ಪ್ರತಿಸಲವೂ ಅದೇ ಬೀಗದ ಕೈ, ಅಷ್ಟೇ ದೂರ ಇರಬೇಕು. ಬ್ಯಾಟರಿ ಯಾವ ಜಾತಿಯದಾದರೂ ಈ ಪರೀಕ್ಷೆ ಬಿಡಬಾರದು. ಇದಕ್ಕೆ ಖರ್ಚು ಸೊನ್ನೆ.

ಮುಗಿದ ಸೆಲ್ಲು ಎಲ್ಲಿಗೆ?

60 ಬ್ಯಾಟರಿ ಬಿಸಾಡುವ ಕಡೆ 2 ಬ್ಯಾಟರಿ ಸಾಕಾಗುತ್ತದೆ ಎಂಬುದು ಹಣಕ್ಕೆ ಸಂಬಂಧಿಸಿದ ಮಾತಷ್ಟೇ ಅಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಯ ಕಸ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಜೋಳ, ಕಡಲೆ ಬೆಳೆಯುವ ಎರೆ ಹೊಲಕ್ಕೆ ಸೆಲ್ಲಿನೊಳಗಿನ ಲೋಹ, ರಾಸಾಯನಿಕ ಸೇರಿದರೆ ಅದನ್ನು ಹೊರಗೆ ತೆಗೆಯುವವರು ಯಾರು? ಹಳೆಯ ಚಾರ್ಜ್ ಸೆಲ್ಲುಗಳಲ್ಲಿ ನಿಕಲ್ ಕ್ಯಾಡ್ಮಿಯಂ ಎಂದು ಬರೆದಿದ್ದರೆ ಇನ್ನೂ ಜಾಗ್ರತೆ ಬೇಕು, ಕ್ಯಾಡ್ಮಿಯಂ ವಿಷ. ಸೆಲ್ಲುಗಳನ್ನು ಕಸದ ಜೊತೆ ಸುಡುವುದಂತೂ ಅಪಾಯ, ಬಿಸಿಗೆ ಸಿಡಿಯುತ್ತವೆ.

ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. 2001ರ ಹಳೆಯ ನಿಯಮ ಸೀಸದ ಬ್ಯಾಟರಿಗಳಿಗೆ ಮಾತ್ರ ಇತ್ತು, ಹೊಸದು ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತದೆ. ಇದರ ಪ್ರಕಾರ ಮುಗಿದ ಬ್ಯಾಟರಿಗಳನ್ನು ವಾಪಸ್ಸು ಸಂಗ್ರಹಿಸುವ ಹೊಣೆ ತಯಾರಕರದು, ಅವನ್ನು ಬೇರೆ ಕಸದ ಜೊತೆ ಸೇರಿಸದೆ ಇಡುವ ಹೊಣೆ ನಮ್ಮದು. ಸೆಲ್ಲಿನ ಮೇಲೆ ಕಸದ ಡಬ್ಬಿಗೆ ಅಡ್ಡಗೀಟು ಹಾಕಿದ ಚಿತ್ರ ಇರುವುದು ಇದನ್ನೇ ಹೇಳಲು.

ನೆನಪಿಡಬೇಕಾದ ಕೆಲವು ಮಾತು

ಬಳಸಿ ಬಿಸಾಡುವ ಸೆಲ್ಲನ್ನು ಚಾರ್ಜರಿಗೆ ಹಾಕಬಾರದು. ಬಿಸಿಯಾಗಿ ಸೋರಬಹುದು, ಸಿಡಿಯಲೂಬಹುದು.

9 ವೋಲ್ಟಿನ ಬ್ಯಾಟರಿಗೆ ಎರಡೂ ತುದಿ ಒಂದೇ ಕಡೆ ಇರುತ್ತವೆ. ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಹಾಕಿಕೊಂಡರೆ ಶಾರ್ಟ್ ಆಗಿ ಬೆಂಕಿಯೇ ಹತ್ತಬಹುದು. ತುದಿಗಳ ಮೇಲೆ ಟೇಪ್ ಅಂಟಿಸಿ ಇಡಿ. ಬಿಸಾಡಲು ತೆಗೆದಿಟ್ಟದ್ದಕ್ಕೂ ಇದು ಬೇಕು.

ಹಳೆಯದು ಹೊಸದು, ಒಂದು ಜಾತಿ ಇನ್ನೊಂದು ಜಾತಿ ಬೆರೆಸಿ ಹಾಕಬಾರದು.

ಪರೀಕ್ಷೆ ಮುಗಿದ ಮೇಲೆ ಡಿಟೆಕ್ಟರ್‌ನಿಂದ ಬ್ಯಾಟರಿ ಹೊರಗೆ ತೆಗೆದು ತಂಪಾದ ಜಾಗದಲ್ಲಿಡಬೇಕು. ಮುಂದಿನ ವರ್ಷ ಸೋರಿದ ಬ್ಯಾಟರಿ ಸಿಕ್ಕರೆ ಹೋಗುವುದು ಬ್ಯಾಟರಿಯ ಬೆಲೆಯಲ್ಲ, ಡಿಟೆಕ್ಟರ್‌ನ ಬೆಲೆ.

ರೀಚಾರ್ಜ್ ಬ್ಯಾಟರಿ ಇರುವಲ್ಲಿ ಹಿಂದಿನ ದಿನವೇ ಚಾರ್ಜ್ ಮಾಡುವ ಕೆಲಸ ಯಾರದು ಎಂದು ಹೆಸರು ಬರೆದಿಡಬೇಕು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

ನಮ್ಮ ಕಾಲೇಜಿನಲ್ಲಿ ಎರಡು ಸಣ್ಣ ಕೆಲಸ ಮಾಡಬಹುದು. ಒಂದು, ಆಫೀಸಿನ ಹತ್ತಿರ ಮುಗಿದ ಸೆಲ್ಲು ಹಾಕಲು ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿ ತುಂಬಿದಾಗ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಇನ್ನೊಂದು, ಒಂದು ವಹಿ. ಬ್ಯಾಟರಿ ಕೊಂಡ ದಿನ, ಬೆಲೆ, ಹಾಕಿದ ದಿನ, ಚಾರ್ಜ್ ಮಾಡಿದ ದಿನ, ಎಷ್ಟು ಗಂಟೆ ನಡೆಯಿತು ಎಂಬ ಐದು ಕಾಲಮ್ ಸಾಕು. ಒಂದು ವರ್ಷ ಬರೆದರೆ ಮೇಲೆ ನಾನು ಹಿಡಿದ ಅಂಕಿಗಳ ಜಾಗದಲ್ಲಿ ನಮ್ಮದೇ ನಿಜವಾದ ಅಂಕಿಗಳು ಬರುತ್ತವೆ. ವಹಿ ಬರೆಯುವ ಕೆಲಸವನ್ನು ವಾಣಿಜ್ಯ ವಿಭಾಗಕ್ಕೆ ಕೊಟ್ಟರೆ ನಾವು ಸಿದ್ಧ. ಬೀಗದ ಕೈ ಹಿಡಿದು ಪರೀಕ್ಷಿಸುವ ಕೆಲಸ ಮಾತ್ರ ಡಿಟೆಕ್ಟರ್ ಯಾರ ಕೈಯಲ್ಲಿದೆಯೋ ಅವರದೇ.